ನಾಲಬಂದ ಓಣಿಯ ಮುಯ್ಯಿ

ನಮ್ಮ ಹೊಂಬಳಗಿಯ ನೀರಿಗೆ ಬುದ್ಧಿ ಬಂದದ್ದು ಕೆಲವು ವರ್ಷಗಳ ಹಿಂದೆ. ಅದಕ್ಕೆ ಮುಂಚೆ ಬುದ್ಧಿ ಇರಲಿಲ್ಲ, ಬರೀ ಜಗಳ ಇತ್ತು. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ವಾರ್ಡಿನ ಮೆಂಬರುಗಳು ಪುರಸಭೆಯಲ್ಲಿ ಮೇಜು ಗುದ್ದಿ ತೀರ್ಮಾನ ಮಾಡುತ್ತಿದ್ದರು. ಯಾರ ಗಂಟಲು ದೊಡ್ಡದೋ ಅವರ ಓಣಿಗೆ ನೀರು ಹೆಚ್ಚು. ಕೆರೆಯ ನೀರು ಅರ್ಧಕ್ಕಿಳಿದು, ಎರಡು ಬೇಸಿಗೆ ಕೊಡಗಳು ಹಾರಾಡಿ, ಒಬ್ಬರ ತಲೆ ಒಡೆದ ಮೇಲೆ ಸರ್ಕಾರ ಎಲ್ಲ ಸಣ್ಣ ಊರುಗಳಿಗೂ ಜಲಮತಿಯನ್ನು ತಂದು ಕೂರಿಸಿತು.

ಜಲಮತಿ ಎಂದರೆ ಲೆಕ್ಕ ಹಾಕುವ ಯಂತ್ರ. ಅದರ ಮೈ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಪುರಸಭೆಯ ಮಹಡಿಯಲ್ಲಿ ಇರುವುದು ಗೋಡೆಯಷ್ಟಗಲದ ಒಂದು ಪರದೆ, ಎರಡು ಕುರ್ಚಿ ಮತ್ತು ಕಸ್ತೂರಿ ಎಂಬ ನಾನು. ಪರದೆಯ ಮೇಲೆ ಊರಿನ ಒಂದೊಂದು ಓಣಿಯೂ ಒಂದೊಂದು ನೀಲಿ ಗೆರೆ. ನನ್ನ ಕೆಲಸ ಅದನ್ನು ನೋಡುವುದು. ನೋಡುವುದು ಅಂದರೆ ನೋಡುವುದಷ್ಟೇ, ಮುಟ್ಟುವ ಹಾಗಿಲ್ಲ. ವಾಲ್ವುಗಳನ್ನು ಜಲಮತಿಯೇ ತಿರುಗಿಸುತ್ತದೆ, ಕೈಯಿಂದ ತಿರುಗಿಸುವ ಚಾವಿಗಳನ್ನೆಲ್ಲ ಯಾವತ್ತೋ ಗುಜರಿಗೆ ಹಾಕಿದ್ದಾರೆ.

ಇರುವ ಸ್ವಲ್ಪ ನೀರನ್ನೂ, ಪೈಪು ರಿಪೇರಿಯನ್ನೂ ಎಲ್ಲಿಗೆ ಕೊಡಬೇಕು? ಮುಂದೆಯೂ ಜನ ಎಲ್ಲಿ ಇರುತ್ತಾರೋ ಅಲ್ಲಿಗೆ. ಖಾಲಿಯಾಗಲಿರುವ ಓಣಿಗೆ ಹೊಸ ಪೈಪು ಹಾಕಿ ಏನು ಪ್ರಯೋಜನ? ಅದಕ್ಕೇ ಜಲಮತಿ ಒಂದೊಂದು ಓಣಿಯನ್ನೂ ತೂಗಿ ನೋಡುತ್ತದೆ, ಇಲ್ಲಿಯವರು ಉಳಿಯುತ್ತಾರೋ ಬಿಟ್ಟು ಹೋಗುತ್ತಾರೋ ಎಂದು. ಕರೆಂಟು ಬಿಲ್ಲು, ಶಾಲೆಯ ಹಾಜರಿ, ಕಸದ ಗಾಡಿಗೆ ಬೀಳುವ ಕಸ, ಪುರಸಭೆಗೆ ಬರುವ ಸಮಸ್ತ ಕಾಗದ, ಎಲ್ಲವೂ ಅದರ ಹೊಟ್ಟೆಗೆ ಹೋಗುತ್ತದೆ. ಉಳಿಯುವ ಓಣಿ ಗಾಢ ನೀಲಿ. ಹೋಗುವ ಓಣಿ ತಿಳಿಯಾಗುತ್ತಾ ಬೂದಿ ಬಣ್ಣಕ್ಕೆ ಬರುತ್ತದೆ. ಸುಳ್ಳು ಯಾಕೆ ಹೇಳಲಿ, ಮೊದಮೊದಲು ನಮಗೆಲ್ಲ ಖುಷಿಯೇ ಆಗಿತ್ತು. ಮೆಂಬರುಗಳ ಮನೆ ಬಾಗಿಲು ಕಾಯುವುದು ತಪ್ಪಿತಲ್ಲ!

ನಾವು ಇದ್ದದ್ದು ನಾಲಬಂದ ಓಣಿಯಲ್ಲಿ. ಹಿಂದೆ ಕುದುರೆ, ಎತ್ತುಗಳಿಗೆ ಲಾಳ ಕಟ್ಟುವವರು ಇದ್ದ ಓಣಿ. ಈಗ ಬ್ಯಾಂಡ್ ಬಾರಿಸುವವರು, ಗಾದಿ ಹೊಲಿಯುವವರು, ಬಳೆ ಮಾರುವವರು, ಎಲ್ಲ ಜಾತಿಯವರೂ ಇದ್ದಾರೆ. ನನ್ನ ಗಂಡ ಬಸಲಿಂಗ ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದವರು. ಮೂತ್ರಪಿಂಡ ಎರಡೂ ಕೈಕೊಟ್ಟ ಮೇಲೆ ಊದುವುದು ನಿಂತಿತು. ಜಿಲ್ಲಾ ಆಸ್ಪತ್ರೆಯವರು ರಕ್ತ ತೊಳೆಯುವ ಯಂತ್ರವನ್ನು ಮನೆಗೇ ಕೊಟ್ಟಿದ್ದರು. ದಿನ ಬಿಟ್ಟು ದಿನ ಅವರು ಅದರ ಪಕ್ಕದ ಮಂಚದ ಮೇಲೆ ಮಲಗಬೇಕು. ಆ ಯಂತ್ರಕ್ಕೆ ಬೇಕಾದದ್ದು ನೀರು. ಸಣ್ಣ ಪುಟ್ಟ ನೀರಲ್ಲ, ಒಂದು ಸಲಕ್ಕೆ ಒಂದು ಡ್ರಮ್ಮು ಬೇಕು. ನಳದಿಂದ ಧೋ ಎಂದು ಬಂದು, ಸೋಸಿ, ಒಳಗೆ ಹೋಗಬೇಕು. ನೀರಿನ ಒತ್ತಡ ಇಲ್ಲದ ಮನೆಯಲ್ಲಿ ಯಂತ್ರ ಇಡುವಂತಿಲ್ಲ, ವಾಪಸು ಒಯ್ಯುತ್ತೇವೆ ಎಂದು ಆಸ್ಪತ್ರೆಯವರು ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಒಯ್ದರೆ ಜಿಲ್ಲಾ ಆಸ್ಪತ್ರೆಯ ಸರದಿಯಲ್ಲಿ ನಿಲ್ಲಬೇಕು. ಆ ಸರದಿಯಲ್ಲಿ ನಿಂತವರೆಲ್ಲರ ಪಾಳಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಯುಗಾದಿಯ ಹೊತ್ತಿಗೆ ನಳದ ನೀರು ಸಣ್ಣಗಾಯಿತು. ಯಂತ್ರ ಕೆಂಪು ದೀಪ ಹತ್ತಿಸಿ ಕುಂಯ್ ಕುಂಯ್ ಎನ್ನತೊಡಗಿತು. ನಾನು ಕೆಳಗಿಳಿದು ಮಾಹಿತಿ ಅಧಿಕಾರಿ ಹುಲಕೋಟಿ ಸಾಹೇಬರ ಹತ್ತಿರ ಹೋಗಿ ಕೇಳಿದೆ.

"ನಮ್ಮ ಓಣಿಗೆ ಯಾಕ ನೀರ ಕಡಿಮಿ ಆಗೇತ್ರಿ?"

"ನನಗೇನ ಗೊತ್ತವಾ ತಂಗಿ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪರದೆ ನೋಡಾಕಿ ನೀನು, ನನ್ನ ಕೇಳ್ತಿ. ಬಾಯಿಲೆ ಕೇಳಿದ್ರ ನಾ ಏನ ಹೇಳ್ಲಿ? ಅರ್ಜಿ ಹಾಕಸು. ಮಾಹಿತಿ ಹಕ್ಕಿನ ಅರ್ಜಿ ಬಂತಂದ್ರ ಕಾನೂನಿನ ಪ್ರಕಾರ ಎಲ್ಲಾರೂ ಉತ್ತರ ಕೊಡಾಕ ಬೇಕು, ಆ ಜಲಮತಿ ಸೈತ."

ಮನೆಗೆ ಬಂದು ಹೇಳಿದ್ದೇ ತಡ, ನನ್ನ ಅತ್ತೆ ನೀಲಗಂಗವ್ವ ಸೆರಗು ಸಿಕ್ಕಿಸಿ ಎದ್ದರು. ಅವರು ಯಾರಿಗೂ ಹೆದರಿದವರಲ್ಲ. ರೇಷನ್ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ ಅವನ ತಕ್ಕಡಿಯನ್ನೇ ಹೊತ್ತುಕೊಂಡು ತಹಶೀಲ್ದಾರರ ಮೇಜಿನ ಮೇಲೆ ಇಟ್ಟು ಬಂದವರು.

"ಕೇಳಾಕ ಏನ ನಾಚಿಗಿ? ನಮ್ಮ ನೀರು, ನಮ್ಮ ಪುರಸಭೆ. ಬರಿಯವ್ವಾ ಕಸ್ತೂರಿ, ನಾ ಹೆಬ್ಬಟ್ಟ ಒತ್ತತೀನಿ."

ನಾಲಬಂದ ಓಣಿಗೆ ನೀರು ಕಡಿಮೆಯಾದದ್ದು ಏಕೆ, ಯಾವಾಗ ಸರಿಯಾಗುತ್ತದೆ ಎಂದು ಎರಡೇ ಪ್ರಶ್ನೆ ಬರೆದೆ. ಅತ್ತೆ ಹೋಗಿ ಅದನ್ನು ಪುರಸಭೆಯ ಅರ್ಜಿ ಪೆಟ್ಟಿಗೆಗೆ ಹಾಕಿ ಬಂದರು. ಮರುದಿನ ಪರದೆಯ ಮೇಲೆ ನಮ್ಮ ಓಣಿಯ ಗೆರೆ ಒಂದು ಎಳೆ ತಿಳಿಯಾಗಿತ್ತು. ಬಿಸಿಲು ಬಿದ್ದು ಹಾಗೆ ಕಾಣಿಸುತ್ತಿರಬೇಕೆಂದು ಕಿಟಕಿಯ ಪರದೆ ಎಳೆದೆ.

ಉತ್ತರ ಬಂತು. "ಕೋರಿದ ವಿಷಯವು ಕಡತದಲ್ಲಿ ಲಭ್ಯವಿರುವುದಿಲ್ಲ. ಜಲಮತಿಯ ಅಂದಾಜು ಎಂಬುದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ." ಇಷ್ಟೇ. ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದರು. "ಇದ್ರಾಗ ನೀರೆಲ್ಲೈತಿ?" ಎಂದು ಕೇಳಿದರು. ಅಷ್ಟರಲ್ಲಿ ನಳದ ನೀರು ಸೂಜಿಯಷ್ಟು ಸಣ್ಣಗಾಗಿತ್ತು.

ಇನ್ನು ನಮ್ಮ ಓಣಿಯವರ ಬಗ್ಗೆ ಹೇಳಬೇಕು. ನಾಲಬಂದ ಓಣಿಯಲ್ಲಿ ಯಾವುದನ್ನು ಬಿಟ್ಟರೂ ಮುಯ್ಯಿ ಬಿಡುವುದಿಲ್ಲ. ಒಂದು ಮನೆಯಲ್ಲಿ ಮದುವೆ, ಸಾವು, ಬಾಣಂತನ ಏನೇ ಆಗಲಿ, ಉಳಿದ ಮನೆಗಳಿಂದ ರೊಟ್ಟಿ ಬುಟ್ಟಿಯೋ, ಬಟ್ಟೆಯೋ, ಒಂದು ದಿನದ ದುಡಿಮೆಯೋ ಬರಲೇಬೇಕು. ಪಡೆದವರು ಅದನ್ನು ನೆನಪಿಟ್ಟುಕೊಂಡು ಅವರ ಕಾರ್ಯಕ್ಕೆ ತಿರುಗಿ ಮಾಡಬೇಕು. ನಮ್ಮ ಅತ್ತೆಯಂತೂ ಇಡೀ ಓಣಿಗೆ ಮಾಡಿದವರು. ಎದುರುಮನೆಯ ಬಳೆಗಾರ್ತಿ ಹುಸೇನಬಿಯ ಮೂರು ಬಾಣಂತನಕ್ಕೂ ನೀರು ಕಾಯಿಸಿದ್ದು ಇವರೇ.

ಹುಸೇನಬಿ ಮೊದಲು ಮುಯ್ಯಿ ಮಾಡಿದ್ದು ನೀರಿನಿಂದ. ಅವಳ ನಳದಲ್ಲಿ ಇನ್ನೂ ಸ್ವಲ್ಪ ಬರುತ್ತಿತ್ತು. ಬೆಳಗಾದರೆ ಎರಡು ಕೊಡ ತಂದು ನಮ್ಮ ಡ್ರಮ್ಮಿಗೆ ಸುರಿದಳು. ಅವಳನ್ನು ನೋಡಿ ಗಾದಿಯವರು, ಬ್ಯಾಂಡಿನವರು ಎಲ್ಲ ತಂದರು. ಡ್ರಮ್ಮಿಗೊಂದು ಮೋಟಾರು ಜೋಡಿಸಿ ಯಂತ್ರ ನಡೆಸಿದೆವು. ಮಂಚದ ಮೇಲೆ ಮಲಗಿದ ಇವರು ಬಾಗಿಲಲ್ಲಿ ಸಾಲಾಗಿ ಬರುವ ಕೊಡಗಳನ್ನು ನೋಡಿ, "ಏ ಕಸ್ತೂರಿ, ನನ್ನ ಲಗ್ನಕ್ಕೂ ಇಷ್ಟ ಮಂದಿ ಬಂದಿರಲಿಲ್ಲ ನೋಡು," ಎಂದು ನಕ್ಕರು.

ಎಲ್ಲರ ನಳವೂ ಸಣ್ಣಗಾದ ಮೇಲೆ ನೀರಿನ ಮುಯ್ಯಿ ನಿಂತಿತು. ಆಗ ಹುಸೇನಬಿಗೆ ಇನ್ನೊಂದು ಹೊಳೆಯಿತು.

"ನೀಲಗಂಗಕ್ಕಾ, ನೀ ಒಬ್ಬಾಕಿ ಕೇಳಿದ್ರ ಅವರು ಯಾಕ ಕಿಮ್ಮತ್ತ ಕೊಡ್ತಾರ? ಮನಿಗೊಂದ ಅರ್ಜಿ ಬಿದ್ರ ನೋಡು, ಪುರಸಭೆ ನಡಗತೈತಿ!"

ನಾನಾದರೂ ಏನು ಹೇಳಲಿ? ನನಗೂ ಅದು ಸರಿಯೆನ್ನಿಸಿತ್ತು. ರೊಟ್ಟಿ ಬುಟ್ಟಿ ತರುವ ಹಾಗೆ ಒಬ್ಬೊಬ್ಬರೂ ಅರ್ಜಿ ತಂದು ನಮ್ಮ ಅತ್ತೆಗೆ ತೋರಿಸಿ, ಪೆಟ್ಟಿಗೆಗೆ ಹಾಕಿ ಬಂದರು. ಗಾದಿಯವರು ತಮ್ಮ ಮಗಳ ಮದುವೆಗೆ ಅತ್ತೆ ಮಾಡಿದ ಮುಯ್ಯಿ ದೊಡ್ಡದೆಂದು ಎರಡು ಅರ್ಜಿ ಹಾಕಿದರು. ಒಂದು ವಾರದಲ್ಲಿ ನಮ್ಮ ಓಣಿಯ ಗೆರೆ ಪರದೆಯ ಮೇಲೆ ಹಳೆಯ ಪಂಚೆಯ ಬಣ್ಣಕ್ಕೆ ಬಂತು. ಬೇರೆ ಓಣಿಗಳು ಇದ್ದ ಹಾಗೆಯೇ ಇದ್ದವು.

ವರ್ಷಕ್ಕೊಮ್ಮೆ ಜಲಮತಿಯನ್ನು ತಪಾಸಣೆ ಮಾಡಲು ಮೈಸೂರು ಕಡೆಯ ಅನಿರುದ್ಧ ಎಂಬ ಇಂಜಿನಿಯರು ಬರುತ್ತಾನೆ. ಒಳ್ಳೆಯ ಹುಡುಗ. ಬಂದಾಗಲೆಲ್ಲ ಇಲ್ಲಿಯ ಗಿರಮಿಟ್ ತಿಂದು ಖಾರಕ್ಕೆ ಅಳುತ್ತಾನೆ. ಆ ಸಲ ಬಂದಾಗ ನಾನು ಗಿರಮಿಟ್ ತರಿಸಲಿಲ್ಲ. ಕೂರಿಸಿ, ನಮ್ಮ ಓಣಿಯ ಗೆರೆ ತೋರಿಸಿ, ಇದು ಯಾಕೆ ಹೀಗಾಯಿತು ಎಂದು ಕೇಳಿದೆ. ಅವನ ಕೀಲಿಯಿಂದ ಮಾತ್ರ ತೆರೆಯುವ ಒಂದು ಪುಟ ಇದೆ. ತೆರೆದ.

"ಮೊದಲ ಸಲ ಇಳಿದದ್ದು ಏನೂ ಅಲ್ಲ ಮೇಡಂ. ವಾಲ್ವಿನಲ್ಲಿ ಕಸ ಸಿಕ್ಕೊಂಡಿತ್ತು. ರಿಪೇರಿಗೆ ನಿಮ್ಮ ಓಣಿ ಎರಡನೇ ನಂಬರಲ್ಲಿತ್ತು, ಆ ವಾರವೇ ಆಗಬೇಕಿತ್ತು. ಆಮೇಲೆ ಯಾಕೋ ಕೆಳಗೆ ಜಾರಿದೆ. ಒಂದ್ನಿಮಿಷ."

ಅವನು ಓಣಿಯನ್ನು ತೂಗಿದ ಕಾರಣಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದ. ಎಲ್ಲಕ್ಕಿಂತ ಮೇಲೆ, ಉಳಿದವೆಲ್ಲ ಸೇರಿದರೂ ಮುಟ್ಟದಷ್ಟು ಉದ್ದದ ಒಂದು ಪಟ್ಟೆ ಬಂತು. ಅದರ ಮುಂದೆ 'ಮಾಹಿತಿ ಕೋರಿಕೆ' ಎಂದಿತ್ತು.

"ಓಹೋ," ಎಂದ ಅನಿರುದ್ಧ. "ಇದು ಹೀಗೆ ಕಲಿತಿದೆಯಾ?"

"ಹೆಂಗ ಕಲತೈತಿ? ಬಿಡಿಸಿ ಹೇಳಪಾ."

"ನೋಡಿ, ಊರು ಬಿಡೋರು, ಮನೆ ಮಾರೋರು ಮೊದಲು ಏನು ಮಾಡ್ತಾರೆ? ಪುರಸಭೆಗೆ ಬಂದು ಕೇಳ್ತಾರೆ. ಖಾತೆ ಕೊಡಿ, ಪೈಪಿನ ನಕ್ಷೆ ಕೊಡಿ, ನೀರು ಯಾವಾಗ ಬರುತ್ತೆ ಹೇಳಿ ಅಂತ. ಬೇರೆ ಊರುಗಳ ಹಳೇ ದಾಖಲೆ ಎಲ್ಲ ಇದಕ್ಕೆ ತಿನ್ನಿಸಿದ್ವಿ. ಯಾವ ಬೀದಿ ಬಗ್ಗೆ ಜಾಸ್ತಿ ಕೇಳಿದ್ದಾರೋ ಆ ಬೀದಿ ಆಮೇಲೆ ಖಾಲಿಯಾಗಿದೆ. ಅದಕ್ಕೆ ಕೇಳೋರು ಅಂದ್ರೆ ಹೋಗೋರು ಅಂತ ತಾನೇ ಅಂದ್ಕೊಂಡಿದೆ. ನಾವ್ಯಾರೂ ಹೇಳ್ಕೊಟ್ಟಿಲ್ಲ."

ಒಂದು ಕಸ ತೆಗೆದಿದ್ದರೆ ಮುಗಿಯುತ್ತಿತ್ತು. ಅತ್ತೆ ಹೋಗಿ ಕೇಳಿದರು, ಕೇಳಿದ್ದಕ್ಕೆ ನೀರು ಹೋಯಿತು. ನೀರು ಹೋಯಿತೆಂದು ಓಣಿಯೆಲ್ಲ ಕೇಳಿತು, ಓಣಿಯ ನೀರೇ ಹೋಯಿತು.

"ಅದನ್ನ ತಗದ ಬಿಡಪಾ. ಈಗ, ಇಲ್ಲೇ. ನನ್ನ ಗಂಡನ ಜೀವದ ಪ್ರಶ್ನೆ ಐತಿ."

"ನನ್ನ ಕೈಲಿಲ್ಲ ಮೇಡಂ. ಇಲ್ಲಿಂದ ನೋಡಬಹುದು ಅಷ್ಟೇ. ಮೇಲಿನವರು ಯಾಕೆ ಮುಟ್ತಾರೆ ಹೇಳಿ, ಅಂದಾಜು ಸರಿ ಬರ್ತಾನೇ ಇದೆಯಲ್ಲ? ನೀವು ಬೇಕಾದರೆ ಒಂದು ಮನವಿ..." ಎಂದವನು ಅಲ್ಲೇ ನಿಂತ. ಮನವಿ ಎಲ್ಲಿಗೆ ಹೋಗಿ ಬೀಳುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಹಾಕಿದ್ದ ಅರ್ಜಿ ಹೊಳ್ಳಿ ತಗೊಂಡ್ರ?"

ಅವನು ಅದನ್ನೂ ಪ್ರಯೋಗಕ್ಕೆಂದು ಹಾಕಿ ನೋಡಿದ. ಪಟ್ಟೆ ಇನ್ನೂ ಉದ್ದವಾಯಿತು. ಹಳೆಯ ದಾಖಲೆಗಳಲ್ಲಿ ಅರ್ಜಿ ಹಿಂತೆಗೆದುಕೊಂಡವರೆಲ್ಲ ಮನೆ ಬಿಟ್ಟು ಹೋದವರೇ ಆಗಿದ್ದರು. ಅನಿರುದ್ಧ ತಲೆ ತಗ್ಗಿಸಿ ಚೀಲ ಕಟ್ಟಿಕೊಂಡ. ಮೆಟ್ಟಿಲ ಹತ್ತಿರ ತಿರುಗಿ, "ಸುಮ್ಮನಿದ್ದರೆ ಒಂದೆರಡು ವರ್ಷದಲ್ಲಿ ತಾನೇ ಸರಿಹೋಗುತ್ತೆ ಮೇಡಂ," ಎಂದ. ನಮಗೆ ಇನ್ನೆರಡು ವಾರದ ನೀರೂ ಇರಲಿಲ್ಲ. ಅವನಿಗೆ ಬೈಯಬೇಕೆನ್ನಿಸಿತು. ಬೈದು ಏನು ಮಾಡಲಿ, ಪಾಪ.

ಮನೆಗೆ ಹೋಗಿ ಎಲ್ಲ ಹೇಳಿದೆ. ಅತ್ತೆ ನಾಲ್ಕು ಸಲ ಮತ್ತೆ ಮತ್ತೆ ಹೇಳಿಸಿದರು. ಆಮೇಲೆ ಓಣಿಯವರನ್ನು ಕಟ್ಟೆಗೆ ಕರೆದು ತಾವೇ ಹೇಳಿದರು, ಇನ್ನು ಯಾರೂ ಅರ್ಜಿ ಹಾಕಬೇಡಿರೆಂದು. ಜನ ನಕ್ಕರು.

"ಏನ ಮಾತಬೇ ಇದು!" ಎಂದಳು ಹುಸೇನಬಿ. "ಕೇಳಿದ್ರ ಕೆಡಕ ಆಗೂದಿದ್ರ ಪುರಸಭೆಯವರು ಅಷ್ಟ ದೊಡ್ಡ ಪೆಟಗಿ ಯಾಕ ಇಡತಿದ್ರು? ನಿನ್ನ ಸೊಸಿ ನೌಕರಿ ಮ್ಯಾಲೆ ಯಾರೋ ಕಣ್ಣ ಹಾಕ್ಯಾರ, ಅದಕ್ಕ ಹೆದರಿಸ್ಯಾರ."

ಅದೂ ಬರೋಬ್ಬರಿ ಮಾತೇ. ನಾನು ಪರದೆ ನೋಡದೆ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇನ್ನೂ ಮುಯ್ಯಿ ಬಾಕಿ ಇದ್ದ ಮೂರು ಮನೆಯವರು ಮರುದಿನವೇ ಹೋಗಿ ಅರ್ಜಿ ಹಾಕಿ ಬಂದರು. ನಾವು ಬೇಡವೆಂದದ್ದನ್ನು ಅವರು ಸಂಕೋಚ ಎಂದುಕೊಂಡಿದ್ದರು.

ಹುಲಕೋಟಿ ಸಾಹೇಬರಿಗೂ ಹೇಳಿ ನೋಡಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇದನ್ನ ಕಾಗದದಾಗ ಬರದ ಕೊಡವಾ ತಂಗಿ, ಮ್ಯಾಲೆ ಕಳಸ್ತೀನಿ," ಎಂದರು. ಎದ್ದು ಬಂದೆ.

ಆಸ್ಪತ್ರೆಯವರು ಬಂದು ನಳ ತಿರುಗಿಸಿ ನೋಡಿ ಹದಿನೈದು ದಿನದ ಗಡುವು ಕೊಟ್ಟರು. ಅಷ್ಟರಲ್ಲಿ ನನ್ನ ಗಂಡನ ಕಾಲು ಊದಿಕೊಂಡಿತ್ತು, ಉಸಿರು ತೇಕುತ್ತಿತ್ತು. ತೊಳೆಯುವುದು ಅರ್ಧಕ್ಕೇ ನಿಲ್ಲುತ್ತಿತ್ತಲ್ಲ, ಹಾಗಾಗಿ. ಒಂದು ದಿನ ಪೆಟ್ಟಿಗೆಯಿಂದ ಕ್ಲಾರಿಯೊನೆಟ್ ತೆಗೆಸಿ ತುಟಿಗೆ ಇಟ್ಟುಕೊಂಡರು. ಊದಲಿಲ್ಲ, ಬೆರಳು ಮಾತ್ರ ಆಡಿಸಿದರು.

"ಹೋಗೂಣು ಕಸ್ತೂರಿ," ಎಂದರು. "ನೀರ ಇದ್ದಲ್ಲಿಗೆ ಹೋಗೂಣು."

"ಹೋದ್ರ ಆ ಜಲಮತಿ ಹೇಳಿದ್ದ ಖರೆ ಆಗತೈತ್ರಿ."

"ಖರೇನ ಆಗ್ಲಿ. ನಾ ಇರಬೇಕಲ್ಲ?"

ನನಗೆ ಅಳು ಬಂತು. ಅತ್ತೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಸೊಸೆಯಾಗಿ ಬಂದದ್ದು ಆ ಮನೆಗೆ, ಮಾವನ ಹೆಣ ಹೊರಟದ್ದು ಆ ಬಾಗಿಲಿಂದ. ಹೊರಗೆ ಬಂದಾಗ ಹಿತ್ತಾಳೆ ಕೊಡಗಳನ್ನು ಗೋಣಿಚೀಲದಲ್ಲಿ ಕಟ್ಟಿದ್ದರು.

ಸ್ಟೇಷನ್ ಆಚೆ ಹೊಸದಾಗಿ ಎದ್ದ ಕಾಲನಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಪರದೆಯ ಮೇಲೆ ಅದರಷ್ಟು ಗಾಢ ನೀಲಿ ಇನ್ನೊಂದಿಲ್ಲ, ನೋಡಿಯೇ ಹುಡುಕಿದ್ದೆ. ಅಲ್ಲಿಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಪುರಸಭೆಯನ್ನಂತೂ ಏನೂ ಕೇಳುವುದಿಲ್ಲ. ನಳ ತಿರುಗಿಸಿದರೆ ನೀರು ಬಕೆಟ್ಟಿನ ತಳ ಒಡೆಯುವ ಹಾಗೆ ಬಿತ್ತು. ಯಂತ್ರ ಹಸಿರು ದೀಪ ಹತ್ತಿಸಿಕೊಂಡು ಸದ್ದಿಲ್ಲದೆ ನಡೆಯಿತು. ಇವರು ಪೂರ್ತಿ ಹೊತ್ತು ಮಲಗಿ ಎದ್ದರು. ವಾರದಲ್ಲಿ ಕಾಲಿನ ಊತ ಇಳಿಯಿತು.

ನಾವು ಬಿಟ್ಟ ಮರುದಿನ ಪರದೆಯ ಮೇಲೆ ನಾಲಬಂದ ಓಣಿಯ ಪಕ್ಕದಲ್ಲಿ 'ಅಂದಾಜು ಸರಿ' ಎಂದು ಒಂದು ಗುರುತು ಬಿತ್ತು. ನಮ್ಮ ಒಂದು ಮನೆ ಖಾಲಿಯಾದದ್ದಕ್ಕೆ ಓಣಿ ಇನ್ನಷ್ಟು ತಿಳಿಯಾಯಿತು. ಹುಸೇನಬಿಯ ನಳ ಅಲ್ಲೇ ಇದೆಯಲ್ಲ ಎಂದು ನೆನೆದು ಆ ದಿನ ಊಟ ಸೇರಲಿಲ್ಲ. ಯಾರಿಗೆ ಹೇಳಲಿ? ಹೇಳಿದರೆ ಬರೆದು ಕೊಡು ಎನ್ನುತ್ತಾರೆ.

ಅತ್ತೆ ಬದಲಾದರು. ಹಾಲಿನವನು ನೀರು ಬೆರೆಸಿ ಕೊಟ್ಟರೂ ಕೇಳಲಿಲ್ಲ. ಮನೆಯ ಮುಂದಿನ ಬೀದಿ ದೀಪ ಕೆಟ್ಟಾಗ, ಇದು ಯಾಕೆ ಕೆಟ್ಟಿತೋ ಎಂದೆ ನಾನು. "ಶ್, ಸುಮ್ಮನಿರು," ಎಂದು ನನ್ನ ಕೈ ಹಿಸುಕಿದರು. ತಕ್ಕಡಿ ಹೊತ್ತು ಹೋಗಿದ್ದ ಹೆಂಗಸು ಅದು!

ಬಾಡಿಗೆ ಮನೆಯಾದರೂ ಹಾಲು ಉಕ್ಕಿಸಬೇಕೆಂದು ಒಂದು ಒಳ್ಳೆಯ ದಿನ ನೋಡಿ ಓಣಿಯವರನ್ನು ಕರೆದೆವು. ಎಲ್ಲರೂ ಬಂದರು. ಟೆಂಪೋದಿಂದ ಇಳಿಯುವಾಗಲೇ ಗದ್ದಲ, ನಗು. ಬ್ಯಾಂಡಿನವರು ಒಂದು ಡೋಲು ಸಹ ತಂದಿದ್ದರು. ಇವರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕ್ಲಾರಿಯೊನೆಟ್ ಎತ್ತಿ ನಾಲ್ಕು ಸ್ವರ ಊದಿದರು. ಉಸಿರು ಸಾಲಲಿಲ್ಲ, ಆದರೂ ಊದಿದರು. ಹುಸೇನಬಿ ನೇರ ಅಡುಗೆಮನೆಗೆ ಹೋಗಿ ನಳ ತಿರುಗಿಸಿ, "ಅಲ್ಲಾ! ಏನ ನೀರಬೇ!" ಎಂದು ಎರಡೂ ಕೈ ಒಡ್ಡಿ ನಿಂತಳು. ಅವಳ ಕೈ ಒಡೆದು ಬಿರುಕು ಬಿಟ್ಟಿತ್ತು. ಈಗ ಕೆರೆಯ ದಂಡೆಯಿಂದ ಹೊತ್ತು ತರುತ್ತಾಳಂತೆ.

ಹಾಲು ಉಕ್ಕಿತು. ಪಾಯಸ ಹಾಕಿ ಕೊಟ್ಟೆ. ಎಲ್ಲರ ಕೈ ಖಾಲಿ ಇದ್ದುದನ್ನು ಕಂಡು ನನಗೆ ಒಳಗೊಳಗೆ ಆಶ್ಚರ್ಯವಾಯಿತು, ನಾಲಬಂದ ಓಣಿಯವರು ಮುಯ್ಯಿ ಇಲ್ಲದೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅದು ಹುಸೇನಬಿಗೆ ಗೊತ್ತಾಯಿತು ಕಾಣುತ್ತದೆ. ಅತ್ತೆಯ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು.

"ನೀಲಗಂಗಕ್ಕಾ, ಸೀರಿ ತರಲಿಲ್ಲಂತ ಬ್ಯಾಸರ ಮಾಡ್ಕೋಬ್ಯಾಡ. ಅದಕ್ಕಿಂತ ದೊಡ್ಡ ಮುಯ್ಯಿ ಮಾಡೇವಿ. ನಮ್ಮ ಓಣ್ಯಾಗ ಕೇಳಾಕ ತಡಾ ಮಾಡಿದ್ವಿ, ನೀರ ಹೋದ ಮ್ಯಾಲೆ ಕೇಳಿದ್ವಿ, ಅದಕ್ಕ ಹಂಗಾತು. ಇಲ್ಲಿ ಹಂಗ ಆಗಬಾರದು. ಬಸಲಿಂಗನ ನೀರಿಗೆ ಏನೂ ಆಗಬಾರದು. ಅದಕ್ಕ ಇವತ್ತ ಬರೂವಾಗ ಪುರಸಭೆ ಮುಂದ ಟೆಂಪೋ ನಿಲ್ಲಿಸಿ, ಎಲ್ಲಾರೂ ಇಳದು, ಈ ಕಾಲನಿ ಹೆಸರಿನ್ಯಾಗ ಮನಿಗೊಂದು ಅರ್ಜಿ ಹಾಕಿ ಬಂದೇವಿ. ಕೊನೀತನಾ ನೀರ ಬಿಡತೀರೋ ಇಲ್ಲೋ ಅಂತ ಮೊದಲ ಕೇಳಿ ಬಿಟ್ಟೇವಿ."

ಬಾಗಿಲಲ್ಲಿ ಊದುತ್ತಿದ್ದ ಸ್ವರ ನಿಂತಿತು. ಇವರು ನನ್ನ ಕಡೆ ನೋಡಿದರು. ಓಣಿಯವರೆಲ್ಲ ನಮ್ಮ ಮುಖ ನೋಡುತ್ತಾ ಕೂತಿದ್ದರು, ಒಂದು ಒಳ್ಳೆಯ ಮಾತಿಗಾಗಿ.

ಅತ್ತೆ ಹುಸೇನಬಿಯ ಬಿರುಕು ಬಿಟ್ಟ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಭಾಳ ಛಲೋ ಮಾಡಿದಿ ನಮ್ಮವ್ವಾ," ಎಂದರು. "ಒಡಹುಟ್ಟಿದವ್ರೂ ಇಷ್ಟ ಮಾಡೂದಿಲ್ಲ." ಅವರ ದನಿ ನಡುಗಿತು. ಹುಸೇನಬಿ ಅದನ್ನು ಸಂತೋಷವೆಂದುಕೊಂಡು ಕಣ್ಣು ಒರೆಸಿಕೊಂಡಳು.

ಆಮೇಲೆ ಅತ್ತೆ ಎದ್ದು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ಗೋಣಿಚೀಲದಾಗಿನ ಕೊಡಾ ಎಲ್ಲಾ ತಗಿ ಕಸ್ತೂರಿ. ನಳದಾಗ ಇನ್ನೂ ಬರಾಕತ್ತೈತಿ, ತುಂಬಿ ಇಡೂಣು."